ನಿಮ್ಮ ಮಾರಿಗೆ ನನ್ನ ಬೆರಳು

ಕಂಬಂ
ಜಯ ವರ್ಷ, ಮಾರ್ಗಳಿ ತಿಂಗಳು, ಶುಕ್ರವಾರ
(1895ರ ಜನವರಿ, ಮೊದಲ ವಾರ)

ಬೆಟ್ಟ ಹತ್ತಿ ಕೂತಿರುವ ನನ್ನ ಗಂಡ, ರಾಮರ್ ಮಾಮನಿಗೆ,

ಕೆಳಗಿನ ಮನೆಯಿಂದ ನಿಮ್ಮ ದೈವಾನೈ ಬರೆಯುವುದು. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿರಬೇಕು, ಏಕೆಂದರೆ ಇದನ್ನು ಓದಿದ ಮೇಲೆ ನೀವು ಘಾಟಿ ಇಳಿಯಬೇಕಾಗುತ್ತದೆ. ಕಾಲು ನೋವು, ಅಣೆಕಟ್ಟಿನ ಕೆಲಸ, ದೊರೆ ರಜೆ ಕೊಡುವುದಿಲ್ಲ ಎಂಬ ನೆಪಗಳೆಲ್ಲ ನನಗೆ ಬಾಯಿಪಾಠವಾಗಿವೆ. ಈ ಸಲ ಹೊಸದೇನಾದರೂ ಹುಡುಕಿಕೊಳ್ಳಿ, ಇಲ್ಲವೇ ಸುಮ್ಮನೆ ಹೊರಟು ಬನ್ನಿ.

ಹಡಗು ಮುಗಿಯಿತು. ಹೌದು, ನಿಮ್ಮ ಬರ್ಮಾ ಯುದ್ಧದ ಹೊಗೆಹಡಗೇ. ನಮ್ಮ ನಡುಮನೆಯಲ್ಲಿ ಮಣೆಯ ಮೇಲೆ ನಿಂತಿದೆ. ಎರಡು ಪಕ್ಕಕ್ಕೂ ನೀರು ಬಡಿಯುವ ಚಕ್ರ, ನಡುವೆ ಹೊಗೆಗೊಳವೆ, ಮುಂದೆ ಒಂದು ಫಿರಂಗಿ. ಬಣ್ಣವೂ ಒಣಗಿತು. ಬಾಕಿ ಇರುವುದು ಕಣ್ಣು ಮಾತ್ರ.

ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮೈಸೂರು ಕಡೆಯಿಂದ ಬಂದಿದ್ದ ಜಂಗಮಯ್ಯ ನಮ್ಮಿಬ್ಬರನ್ನೂ ಒಂದೇ ಜಗುಲಿಯಲ್ಲಿ ಕೂರಿಸಿ ಮರಳ ಮೇಲೆ ಅಕ್ಷರ ತೀಡಿಸಿದ್ದು ಈಗ ಕೈಗೆ ಬಂತು. ಈ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ, ಓದಲು ಬರುವುದು ತಮಿಳು. ಆದ್ದರಿಂದ ನಿಮ್ಮ ಅಣ್ಣ ಇದನ್ನು ಬಿಚ್ಚಿದರೂ ತಲೆಕೆಳಗಾಗಿ ಹಿಡಿದು ನೋಡಿ ಮತ್ತೆ ಮಡಿಸಿಡುತ್ತಾರೆ. ನಾನು ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಬಹುದು.

ಮೊದಲು ಅಣ್ಣನ ವಿಷಯ. ಈ ಪೊಂಗಲಿಗೆ, ದೇವರ ದನಗಳು ದೇವರ ತೋಪಿಗೆ ಬರುವ ದಿನ, ಹರಕೆಯ ಹಡಗನ್ನು ಅಲ್ಲಿ ಒಪ್ಪಿಸಬೇಕು. ಕ್ರಮ ನಿಮಗೆ ಗೊತ್ತು. ಯಾರು ಮರಳಿ ಬರಲೆಂದು ಹರಕೆ ಹೊತ್ತಿದ್ದೋ ಅವರೇ ಬಂದು ಹರಕೆಯ ಗೊಂಬೆಗೆ ಕಣ್ಣು ಬರೆದು ತೆರೆಯಬೇಕು. ಬರದಿದ್ದರೆ ಮುಚ್ಚಿದ ಕಣ್ಣಿನಲ್ಲೇ ಒಪ್ಪಿಸುವುದು. ಹಾಗೆ ಒಪ್ಪಿಸಿದರೆ ಆ ಮನುಷ್ಯ ಮರಳಲಿಲ್ಲ ಎಂದು ಊರು ತಿಳಿಯುತ್ತದೆ. ನೀವು ಬೆಟ್ಟ ಹತ್ತಿ ಮೂರು ವರ್ಷವಾಯಿತು. ಜ್ವರದ ತಿಂಗಳುಗಳಲ್ಲಿ ಶಿಬಿರದವರೆಲ್ಲ ಇಳಿದು ಬಂದರೂ ನೀವು ಇಳಿಯಲಿಲ್ಲ. ನಿಮ್ಮ ಅಣ್ಣ ಕರುಪ್ಪಸಾಮಿ ಭಾವ ಮೊನ್ನೆ ಹಿರಿಯರ ಎದುರಿಗೇ, "ಇರೋ ಆಳಾದ್ರೆ ಬರ್ಲಿ. ಇಲ್ದಿದ್ರೆ ಕಣ್ಣು ಮುಚ್ಚಿ ಕೊಟ್ಬುಡು ತಾಯಿ, ನಿನಗೂ ಒಂದು ದಾರಿ ಆಯ್ತದೆ" ಅಂದರು. ಕೆಟ್ಟ ಮನಸ್ಸಿನಿಂದಲ್ಲ.

ಆ ದಾರಿಯೂ ತಯಾರಾಗಿದೆ, ಕೇಳಿ. ಬತ್ತಲಗುಂಡಿನಲ್ಲಿ ಹೆಂಡತಿ ಸತ್ತ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬನಿದ್ದಾನಂತೆ. ನಮ್ಮವನೇ, ಅನುಕೂಲಸ್ಥ. ದೀಪಾವಳಿಗೆ ಬಂದು ಜಗುಲಿಯಲ್ಲಿ ಕೂತು ಹೋದ. ಮೀಸೆ ಮಾತ್ರ ಒಳ್ಳೆಯದು, ಮೊದಲು ಅದು ಬರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಅವನು ಬರುತ್ತಾನೆ. ನಾನು ಅವನಿಗೆ ನೀರು ಕೊಟ್ಟು, ನನ್ನ ಗಂಡ ಪೊಂಗಲಿಗೆ ಬರುತ್ತಾರೆ, ಆಗ ಬಂದರೆ ಇಬ್ಬರೂ ಮಾತಾಡಬಹುದು ಅಂದೆ. ಆಮೇಲೆ ಅವನು ಈ ಕಡೆ ತಲೆ ಹಾಕಿಲ್ಲ.

ಹಡಗಿನ ಕಥೆಗೆ ಬರುತ್ತೇನೆ. ನೀವು ಪಟಾಲಮ್ಮಿನೊಂದಿಗೆ ಬರ್ಮಾಕ್ಕೆ ಹೋದಾಗ ತೋಪಿನಲ್ಲಿ ನಿಂತು, ನನ್ನ ಗಂಡನನ್ನು ಹೊತ್ತುಕೊಂಡು ಹೋದದ್ದು ಯಾವುದೋ ಅದನ್ನೇ ತಂದು, ದೇವರೇ, ನಿನ್ನ ಮುಂದೆ ನಿಲ್ಲಿಸುತ್ತೇನೆ ಎಂದು ಹರಕೆ ಹೊತ್ತೆ. ಕುದುರೆ ಇರಬಹುದು, ಹೆಚ್ಚೆಂದರೆ ರೈಲುಬಂಡಿ ಇರಬಹುದು ಅಂದುಕೊಂಡಿದ್ದೆ. ಸಮುದ್ರ ಕಾಣದ ಊರಿನ ಹೆಣ್ಣು ಹಡಗಿನ ಹರಕೆ ಹೊತ್ತದ್ದು ನೀವು ಬಂದು ಹೇಳಿದ ಮೇಲೇ ತಿಳಿದದ್ದು. ದೇವರ ಹತ್ತಿರ ಆಡಿದ ಮಾತನ್ನು ತಿದ್ದುವ ಹಾಗಿಲ್ಲವಲ್ಲ. ಕುಂಬಾರ ಪಿಚ್ಚೈ ಹತ್ತಿರ ಹೋದರೆ, "ಕುದುರೆ ಕೇಳು, ನಾಯಿ ಕೇಳು, ಮಾಡ್ಕೊಡ್ತೀನಿ. ಕಾಣದ ಕಪ್ಪಲ್ನ, ಹಡಗ್ನ, ಎಂಗಮ್ಮಾ ಮಾಡ್ಲಿ" ಎಂದು ಕೈಮುಗಿದ. ನಿಮ್ಮನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದಿರಿ. ಹೀಗೆ ಹರಕೆ ಉಳಿಯಿತು, ಆಮೇಲೆ ನೀವೇ ಉಳಿಯಲಿಲ್ಲ.

ಹೋದ ಬೇಸಿಗೆಯಲ್ಲಿ ನಾನೇ ಮಾಡುತ್ತೇನೆ ಎಂದು ಸೆರಗು ಕಟ್ಟಿದೆ. ನಿಮ್ಮ ನೆನಪಿನ ಹೊರತು ನನ್ನ ಹತ್ತಿರ ಬೇರೆ ಅಳತೆ ಇರಲಿಲ್ಲ. ಬಂದ ಹೊಸದರಲ್ಲಿ ನೀವು ಅಂಗಳದಲ್ಲಿ ಕೈ ಚಾಚಿ, ಇಲ್ಲಿಂದ ಇಲ್ಲಿಗೆ ಇಷ್ಟು ಮಾರು, ಗೊಳವೆ ಇಷ್ಟು ಮಾರು ಎಂದು ಮಕ್ಕಳಿಗೆ ತೋರಿಸಿದ್ದಿರಿ. ಬಾವಿಯಿಂದ ಹುಣಸೆಮರದವರೆಗೆ ಅಂದಿದ್ದಿರಿ ಉದ್ದವನ್ನು. ನಿಮ್ಮ ಮಾರಿನಷ್ಟು ಉದ್ದದ ಹಗ್ಗ ಮನೆಯಲ್ಲೇ ಇತ್ತು, ನೀವು ಕಣ ಅಳೆಯಲು ಗಂಟು ಹಾಕಿಟ್ಟದ್ದು. ಅದನ್ನು ಹಿಡಿದು ಬಾವಿಯಿಂದ ಹುಣಸೆಮರದವರೆಗೆ ಅಳೆದೆ. ನಿಮ್ಮ ಒಂದು ಮಾರಿಗೆ ನನ್ನ ಒಂದು ಬೆರಳು, ಅದೇ ಲೆಕ್ಕ. ಚಕ್ರ, ಗೊಳವೆ, ಮೇಲಿನ ಅಟ್ಟ, ಯಾವುದರಲ್ಲೂ ಆ ಲೆಕ್ಕ ತಪ್ಪಿಲ್ಲ. ನಿಮ್ಮ ಮಾತಿನಲ್ಲಿ ಏನಾದರೂ ಬಣ್ಣ ಕಟ್ಟಿದ್ದರೆ ಅದು ನಿಮ್ಮ ತಲೆಗೆ.

ಮೊದಲನೆಯ ಸಲ ಕೆಟ್ಟಿತು. ಆತುರಪಟ್ಟು ಹಸಿಮರ ಕೆತ್ತಿ, ಒಣಗುವ ಮೊದಲೇ ಬಣ್ಣ ಬಳಿದೆ. ಎರಡು ಬಿಸಿಲಿಗೆ ತಳ ಸೀಳಿ ಬಾಯಿ ಬಿಟ್ಟಿತು. ಹಟ್ಟಿಯ ಹೆಂಗಸರೆಲ್ಲ ಬಂದು ನೋಡಿ ನಕ್ಕರು, ನಾನೂ ನಕ್ಕೆ, ಆ ಮರವನ್ನೇ ಒಲೆಗೆ ಹಾಕಿ ಅನ್ನ ಬೇಯಿಸಿದೆ. ಎರಡನೆಯದಕ್ಕೆ ಮುರುಕ್ಕು ಮರವನ್ನು, ಅದೇ ಹಾಲುವಾಣವನ್ನು, ನೆರಳಿನಲ್ಲೇ ಒಣಗಿಸಿದೆ. ಕೆತ್ತಿದ ಮೇಲೆ ಪಾರಿಜಾತದ ಒರಟು ಎಲೆಯಿಂದ ಉಜ್ಜಿ ಉಜ್ಜಿ ನಯ ಮಾಡಿದೆ. ಹುಣಸೆಬೀಜದ ಅಂಟಿನಲ್ಲಿ ಸುಣ್ಣ ಕಲಸಿ ಒಂದು ಮೈ ಹಚ್ಚಿ, ಅದು ಕಲ್ಲಾದ ಮೇಲೆ ಬಣ್ಣ. ನೀರಿನೊಳಗೆ ಇರುವ ಭಾಗಕ್ಕೆ ಕಾವಿ, ಮೇಲಕ್ಕೆ ಬಿಳಿ, ಗೊಳವೆಗೆ ದೀಪದ ಮಸಿ. ಮೇಕೆಕೂದಲಿನ ಕುಂಚ ನಾನೇ ಕಟ್ಟಿದ್ದು. ಫಿರಂಗಿ ಯಾವುದರದು ಬಲ್ಲಿರಾ? ನಮ್ಮ ಕೆಂದ ಎತ್ತಿನ ಕೊಂಬಿಗೆ ಹಾಕುತ್ತಿದ್ದ ಹಿತ್ತಾಳೆ ಅಣಸಿನ ತುದಿ. ಕೆಂದ ಮುದಿಯಾಗಿದೆ, ಒಂದು ಕೊಂಬು ಬರಿದಾದರೆ ಬೇಸರಪಡುವುದಿಲ್ಲ.

ಮಾಡುತ್ತಾ ಮಾಡುತ್ತಾ ಒಂದು ಸಂಗತಿ ನನ್ನ ಕೈಗೆ ತಿಳಿಯಿತು. ಬಲಪಕ್ಕ ಪೂರ್ತಿ ಬಂತು. ಎಲ್ಲಿ ಏಣಿ, ಎಲ್ಲಿ ಸೌದೆ ಒಟ್ಟಿದ್ದರು, ನೀವು ಎಲ್ಲಿ ಬೆನ್ನು ಒರಗಿಸಿ ಕೂತಿದ್ದಿರಿ, ಎಲ್ಲವನ್ನೂ ನೀವು ಹೇಳಿದ್ದಿರಿ. ಎಡಕ್ಕೆ ತಿರುಗಿಸಿದರೆ ಮಾಡಲು ಏನೂ ಇರಲಿಲ್ಲ. ನೀವು ಆ ಹಡಗಿನ ಎಡಪಕ್ಕದ ಒಂದು ಮಾತನ್ನೂ ಯಾರಿಗೂ ಹೇಳಿಲ್ಲ.

ಉಳಿ ಕೆಳಗಿಟ್ಟು ಕೂತೆ. ಆಗ ಆ ದಿನ ನೆನಪಾಯಿತು. ನೀವು ಜಗುಲಿಯಲ್ಲಿ ಕಥೆ ಹೇಳುತ್ತಿದ್ದಾಗ ಮಕ್ಕಳ ಹಿಂದೆ ಪೊನ್ನಮ್ಮಾಳ್ ಅತ್ತೆ ಬಂದು ನಿಂತರಲ್ಲ, ನಿಮ್ಮ ಜೊತೆ ಪಟಾಲಮ್ಮಿಗೆ ಸೇರಿದ ಮಾಯಾಂಡಿಯ ತಾಯಿ. ಒಂದೇ ದಿನ ಹೊರಟ ಇಬ್ಬರಲ್ಲಿ ನೀವೊಬ್ಬರೇ ಬಂದಿದ್ದಿರಿ. ಅವರು ಅಳಲಿಲ್ಲ, ಬಯ್ಯಲಿಲ್ಲ. "ನನ್ನ ಮಗ ಯಾವ ಪಕ್ಕ ಕುಂತಿದ್ದ ಸಾಮಿ?" ಎಂದು ಕೇಳಿದರು, ಅಷ್ಟೇ. ನೀವು ಎದ್ದು ಕೊಟ್ಟಿಗೆಗೆ ಹೋದಿರಿ. ಅಲ್ಲಿಗೆ ಹಡಗಿನ ಕಥೆ ನಿಂತಿತು. ಅವರ ಮನೆಯ ಮುಂದೆ ಹೋಗುವುದನ್ನು ಬಿಟ್ಟಿರಿ, ಆಮೇಲೆ ತೋಪಿಗೆ ಹೋಗುವುದನ್ನೂ ಬಿಟ್ಟಿರಿ. ಅವರು ಮಗನಿಗಾಗಿ ಹರಕೆ ಹೊತ್ತಿದ್ದ ಮಣ್ಣಿನ ಕುದುರೆ ಅಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದೆ. ಅದರ ಪಕ್ಕದಲ್ಲಿ ನಿಮ್ಮ ಹಡಗು ಕಣ್ಣು ಬಿಟ್ಟುಕೊಂಡು ನಿಲ್ಲುವುದನ್ನು ನೀವು ತಾಳಲಾರಿರಿ. ಬೆಟ್ಟ ಹತ್ತಿದ್ದು ಅದಕ್ಕೇ. ಅಣೆಕಟ್ಟೂ ಅಲ್ಲ, ದೊರೆಯೂ ಅಲ್ಲ, ನನ್ನ ಬಾಯಿಯೂ ಅಲ್ಲ. ಇಷ್ಟು ವರ್ಷ ನನ್ನ ಬಾಯಿಗೆ ಹೆದರಿ ಓಡಿದಿರಿ ಎಂದು ಊರು ಅಂದಾಗ ನಾನೂ ಹೌದೆಂದೇ ನಂಬಿದ್ದೆ.

ಇನ್ನು ಇದನ್ನು ಮುಚ್ಚಿಡುವುದಿಲ್ಲ. ಆ ಮುರುಕ್ಕು ಮರ ಪೊನ್ನಮ್ಮಾಳ್ ಅತ್ತೆಯ ಹಿತ್ತಿಲಿನದು. ಊರಿನಲ್ಲಿ ಅಷ್ಟು ದಪ್ಪದ್ದು ಇನ್ನೆಲ್ಲೂ ಇಲ್ಲ. ಏನಕ್ಕೆಂದು ಕೇಳಿದರೆ ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ, ಮುಖ ನೋಡಿದ ಕೂಡಲೇ ನಿಜವೇ ಬಾಯಿಗೆ ಬಂತು. ಅವರು ಮರದ ಬುಡಕ್ಕೆ ಹೋಗಿ ಮೇಲೆ ನೋಡಿದರು. ಆಮೇಲೆ, "ಯಾವ ಕೊಂಬೆ ಬೇಕು ನೋಡಿ ಕಡ್ಕೋ" ಎಂದು ತಾವೇ ಕೊಡಲಿ ತಂದುಕೊಟ್ಟರು.

ಮಾರನೆಯ ವಾರದಿಂದ ಮಧ್ಯಾಹ್ನದ ಹೊತ್ತು ನಮ್ಮ ಮನೆಗೆ ಬರತೊಡಗಿದರು. ಕೂರುತ್ತಿದ್ದರು, ವೀಳ್ಯ ಮಡಿಸುತ್ತಿದ್ದರು, ನೋಡುತ್ತಿದ್ದರು. ಒಂದು ದಿನ, ಇದರಲ್ಲಿ ಜನ ಯಾಕಿಲ್ಲ ಅಂದರು. ಈ ಅಳತೆಯಲ್ಲಿ ಮನುಷ್ಯನನ್ನು ಮಾಡಿದರೆ ಒಂದು ಬೆರಳಷ್ಟೇ ಬರುತ್ತಾನೆ ಅತ್ತೆ, ನನ್ನ ಉಳಿಗೆ ಅಷ್ಟು ಚಿಕ್ಕದು ಬಾರದು ಅಂದೆ. ಅವರು ತಮ್ಮ ತೋರುಬೆರಳನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ವೀಳ್ಯ ಬಾಯಿಗೆ ಹಾಕಿಕೊಂಡು, ಚಕ್ರ ಸ್ವಲ್ಪ ಓರೆಯಾಗಿದೆ ನೋಡು ಅಂದರು. ಓರೆಯಾಗಿಯೇ ಇತ್ತು, ಸರಿಮಾಡಿದೆ.

ಎಡಪಕ್ಕದ ಬಗ್ಗೆ ನೀವು ಏನೂ ಹೇಳಿಲ್ಲವೆಂದು ಅತ್ತೆಗೂ ತಿಳಿಸಿ, ಅದನ್ನು ಬಲಪಕ್ಕ ನೋಡಿಕೊಂಡೇ ಮಾಡಿ ಮುಗಿಸಿದ್ದೇನೆ. ಅಲ್ಲಿಯೂ ಏಣಿ, ಅಲ್ಲಿಯೂ ಸೌದೆ. ತಪ್ಪಿದ್ದರೆ ನೀವು ಬಂದು ಹೇಳಬೇಕು. ಬರದಿದ್ದರೆ ನನ್ನ ತಪ್ಪೇ ದೇವರ ಮುಂದೆ ನಿಜವಾಗಿ ನಿಲ್ಲುತ್ತದೆ. ಅಳತೆಯ ಮನುಷ್ಯರು ನೀವು, ಒಂದು ಗಂಟು ಆಚೀಚೆ ಆದರೆ ಕಣವನ್ನೇ ಮತ್ತೊಮ್ಮೆ ಅಳೆಯುತ್ತಿದ್ದವರು. ಇದನ್ನು ಸಹಿಸಿಕೊಂಡು ಅಲ್ಲಿ ಹೇಗೆ ನಿದ್ದೆ ಮಾಡುತ್ತೀರೋ ನೋಡುತ್ತೇನೆ.

ನನ್ನ ಮನಸ್ಸನ್ನು ನೇರವಾಗಿ ಹೇಳಿಬಿಡುತ್ತೇನೆ. ನನಗೆ ನೀವು ಬೇಕು. ಮೀಸೆಯ ವ್ಯಾಪಾರಿ ಬೇಡ, ಹೊಸ ದಾರಿ ಬೇಡ. ಮುಚ್ಚಿದ ಕಣ್ಣಿನ ಹಡಗನ್ನು ತೋಪಿಗೆ ಹೊತ್ತುಕೊಂಡು ಹೋಗಲು ನನ್ನ ಕೈ ಏಳುವುದಿಲ್ಲ. ಬದುಕಿರುವವರನ್ನು ಇಲ್ಲ ಎಂದು ದೇವರಿಗೆ ಹೇಳಿ ಬರಲಾರೆ. ನೀವು ಬರುತ್ತೀರಿ ಎಂದು ಅಣ್ಣನಿಗೂ ಹಿರಿಯರಿಗೂ ಆಗಲೇ ಹೇಳಿದ್ದೇನೆ. ನಿಮ್ಮ ವೇಷ್ಟಿ ಒಗೆದು ಪೆಟ್ಟಿಗೆಯ ಮೇಲಿಟ್ಟಿದ್ದೇನೆ. ನನ್ನ ಮಾತು ಉಳಿಸುವುದು ಈಗ ನಿಮ್ಮ ಕೈಯಲ್ಲಿದೆ, ನಿಮ್ಮ ಕೈಯನ್ನು ನಾನು ಬಲ್ಲೆ.

ಅಣೆಕಟ್ಟಿಗೆ ಸುಣ್ಣ ಸಾಗಿಸುವ ಬಂಡಿಯ ಕಾಳಿಮುತ್ತು ಇದನ್ನು ತರುತ್ತಾನೆ. ಅವನು ಇಳಿಯುವಾಗ ಬಂಡಿ ಖಾಲಿ ಇರುತ್ತದೆ. ಕಾಲು ನೋಯುತ್ತದೆ ಅನ್ನಬೇಡಿ.

ಕುಂಚವನ್ನು ತೊಳೆದು ಕಾದಿಟ್ಟಿರುವ,
ನಿಮ್ಮ ದೈವಾನೈ

ಮತ್ತೊಂದು ಮಾತು: ಮೇಲಿನದೆಲ್ಲ ಬರೆದು, ಮಸಿ ಒಣಗಲೆಂದು ಕಾಗದವನ್ನು ಬಿಸಿಲಿಗಿಟ್ಟು ಎಮ್ಮೆಗೆ ನೀರಿಡಲು ಹೋಗಿದ್ದೆ. ಬರುವಷ್ಟರಲ್ಲಿ ಪೊನ್ನಮ್ಮಾಳ್ ಅತ್ತೆ ನಡುಮನೆಯಲ್ಲಿ ಹಡಗಿನ ಮುಂದೆ ಕೂತಿದ್ದರು, ಕೈಯಲ್ಲಿ ಮಸಿಯ ಕುಂಚ. ಎಡಗಣ್ಣು ಬರೆದು ತೆರೆದಿದ್ದಾರೆ. ರೆಪ್ಪೆ ಸ್ವಲ್ಪ ದಪ್ಪವಾಗಿದೆ, ಆದರೆ ಚೆನ್ನಾಗಿ ಬಿಟ್ಟ ಕಣ್ಣು. ಇದೇನು ಅತ್ತೆ, ಕ್ರಮ ಹಾಗಲ್ಲವಲ್ಲ ಅಂದೆ. "ಎಡಪಕ್ಕ ನನ್ನ ಮಗ ಕುಂತಿದ್ದ. ಅವನ ಕುದುರೆಯ ಕಣ್ಣ ಮುಚ್ಚೇ ಬಿಟ್ಟೆ, ಇದನ್ನ ಮುಚ್ಚಿ ಬಿಡಾಕಾಗಲ್ಲ" ಅಂದರು. ಏಳುವಾಗ ನನ್ನ ಭುಜ ಹಿಡಿದುಕೊಂಡು, "ಒಂಟಿ ಕಣ್ಣ ಕಪ್ಪಲು ಎತ್ತ ಓಯ್ತದೆ ತಾಯಿ? ಇನ್ನೊಂದನ್ನ ಬಂದು ತೆರಿ ಅಂತ ಅವನಿಗೆ ಬರಿ. ನಾನೇ ಕರ್ದೆ ಅಂತ ಬರಿ" ಅಂದರು. ಅದಕ್ಕೇ ಬರೆದಿದ್ದೇನೆ.