ವಶೀಲಿ ಇಲ್ಲದ ರಸ್ತೆ

ಮಾನ್ಯ ಕಾರ್ಯಪಾಲಕ ಎಂಜಿನಿಯರರೇ,

ಅಟ್ಟೂರು ಬಡಾವಣೆಯ ನಮ್ಮ ಅಡ್ಡರಸ್ತೆಯಲ್ಲಿ ಕೊಳವೆ ಹಾಕಲು ನಿಮ್ಮ ಕಚೇರಿ ತೋಡಿಸಿದ ಗುಂಡಿ ಯುಗಾದಿಯಿಂದ ಬಾಯಿ ತೆರೆದುಕೊಂಡೇ ಇದೆ. ಪಕ್ಕದ ಮನೆಯ ಅಕ್ಬರಿ ಬೀ ಅವರಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆಗಬೇಕು. ಆಟೊ ಒಳಗೆ ಬರುವುದಿಲ್ಲ. ಅವರ ಮಗ ಅನ್ವರ್ ಮತ್ತು ನಾನು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಹಲಗೆಯ ಮೇಲೆ ಗುಂಡಿ ದಾಟಿಸುತ್ತೇವೆ. ನನಗೆ ಅರವತ್ತಾರು. ಮಳೆ ಬಂದರೆ ಹಲಗೆ ಜಾರುತ್ತದೆ.

ಇದನ್ನು ಹೇಳಲು ಬಂದಾಗ ನಿಮ್ಮ ಗುಮಾಸ್ತರು ಅರ್ಜಿ ನೋಡಲೇ ಇಲ್ಲ. "ಯಾರ ಕಡೆಯವ್ರು ಸಾರ್?" ಎಂದರು. ಯಾರ ಕಡೆಯವನೂ ಅಲ್ಲ ಎಂದೆ. "ಹಂಗಂದ್ರೆ ಹೆಂಗ್ ಸಾರ್? ಯಾರ್ದಾದ್ರೂ ವಶೀಲಿ ಹಿಡ್ಕೊಂಡ್ ಬನ್ನಿ."

ಎಷ್ಟು ಸಲೀಸಾಗಿ ಬಂದ ಪದ! ಮನೆಗೆ ಬಂದು ನಿಘಂಟು ತೆಗೆದೆ. ಅರಬ್ಬಿಯ 'ವಸೀಲಾ' ಉರ್ದುವಿನ ದಾರಿಯಲ್ಲಿ ಕನ್ನಡಕ್ಕೆ ಬಂದು ವಶೀಲಿಯಾಗಿದೆ. ಮೂಲದ ಅರ್ಥ ಸಾಧನ, ಹತ್ತಿರ ತಲುಪಿಸುವ ದಾರಿ. ಮರುದಿನ ಕುರ್ಚಿ ಎತ್ತುವಾಗ ಅಕ್ಬರಿ ಬೀ ಅವರನ್ನು ಕೇಳಿದೆ.

"ಅದು ದುವಾ ಮಾಡುವಾಗ ಹೇಳೋ ಮಾತು ಭಾಯ್ಸಾಬ್, ಅಲ್ಲಾನ ಹತ್ರ ಹೋಗೋಕೆ," ಎಂದರು. ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡೇ ನಕ್ಕರು. "ಇಂಜಿನಿಯರ್ ಹತ್ರ ಹೋಗೋಕೂ ಅದೇ ಬೇಕಾ?"

ಬೇಕಂತೆ. 'ಅರ್ಜಿ'ಯೂ ಅರಬ್ಬಿಯಿಂದಲೇ ಬಂದದ್ದು. ಒಂದೇ ಊರಿನ ಎರಡು ಪದಗಳಲ್ಲಿ ಒಂದಕ್ಕೆ ನಿಮ್ಮ ಎದುರಿನ ಕುರ್ಚಿ, ಇನ್ನೊಂದಕ್ಕೆ ಬಾಗಿಲ ಹೊರಗಿನ ಬೆಂಚು ಏಕೆ ಸ್ವಾಮಿ?

ಕೊನೆಗೆ ನಾವೂ ರೂಢಿಗೆ ಶರಣಾದೆವು. ಬೀದಿಯವರೆಲ್ಲ ಶಾಲು, ಹಣ್ಣಿನ ಬುಟ್ಟಿ ಹಿಡಿದು ಬೆಳಿಗ್ಗೆಯೇ ಪಾಲಿಕೆಯ ಮಾಜಿ ಸದಸ್ಯರೊಬ್ಬರ ಮನೆ ಮುಂದೆ ನಿಂತೆವು. ಹಾರ ಹಾಕಿ, ಫೋಟೊ ತೆಗೆಸಿ, ಶಿಫಾರಸು ಪತ್ರ ತಂದೆವು. ಗುಮಾಸ್ತರು ಅದರ ಮೇಲಿನ ಹೆಸರು ನೋಡಿದವರೇ ಹಣೆ ಚಚ್ಚಿಕೊಂಡರು. "ಅಯ್ಯೋ, ಇವ್ರು ಹೋದ ವಾರ ಪಕ್ಷ ಬಿಟ್ರಲ್ಲ ಸಾರ್! ಪೇಪರ್ ಓದಲ್ವಾ ನೀವು?"

ಐವತ್ತು ವರ್ಷದಿಂದ ದಿನಪತ್ರಿಕೆ ಓದುವವನಿಗೆ ಈ ಪ್ರಶ್ನೆ! ಸುದ್ದಿ ಓದಿದ್ದೆ. ಗುಂಡಿಗೂ ಪಕ್ಷವಿರುತ್ತದೆಂದು ಎಣಿಸಿರಲಿಲ್ಲ. ಅಲ್ಲಿಯವರೆಗೆ ಯಾರದೂ ಅಲ್ಲದ ನಮ್ಮ ಗುಂಡಿ ಈಗ 'ಆ ಕಡೆಯವರ ಕೆಲಸ'. ಇನ್ನು ಅದನ್ನು ಮುಟ್ಟುವವರಿಲ್ಲ.

ಬೇಡಿಕೆ ಒಂದೇ, ಗುಂಡಿ ಮುಚ್ಚಿಸಿ. ಅದು ನಿಮ್ಮ ಕೈಲಾಗದಿದ್ದರೆ, ಈ ವಾರ ಯಾರ ವಶೀಲಿ ನಡೆಯುತ್ತದೆಂದು ಕಚೇರಿಯ ಫಲಕದ ಮೇಲಾದರೂ ಬರೆಸಿ. ಇನ್ನೊಂದು ಹಾರ ತರುತ್ತೇವೆ. ನಾಳೆ ಡಯಾಲಿಸಿಸ್ ದಿನ. ಯಲಹಂಕದ ಕಡೆ ಮೋಡ ಕಟ್ಟಿದೆ.

ಇಂತಿ,
ಕುರ್ಚಿಯ ಹಿಂದಿನ ಎರಡು ಕಾಲು ಹಿಡಿಯುವ
ಗುರುಪಾದಪ್ಪ
ಅಟ್ಟೂರು ಬಡಾವಣೆ