ಸಾಹೇಬರ ಗರಿಕೆ

ತಮ್ಮ ಎತ್ತಪ್ಪನಿಗೆ ಜೋಧಪುರದಿಂದ ಅಕ್ಕ ಚಿತ್ತಮ್ಮನ ಆಶೀರ್ವಾದ. ನಮ್ಮ ದೇವರು ಜುಂಜಪ್ಪ ಕೈಬಿಡದೆ ಮಗಳ ಮನೆ ಮುಟ್ಟಿಸಿದ.

ಇಲ್ಲಿ ಕಣ್ಣು ಹಾಯುವಷ್ಟೂ ಮರಳು. ಅದರ ನಡುವೆ ಮಾಲಿ ಕೆಲಸದ ಅಳಿಯ ತನ್ನ ಸಾಹೇಬರ ಬಂಗಲೆ ಮುಂದೆ ಹುಲ್ಲು ಬೆಳೆಸುತ್ತಾನೆ. ಕುರಿಗಲ್ಲ, ಬರೀ ನೋಡುವುದಕ್ಕೆ! ನಮಗೆ ದಿನಕ್ಕೆ ಎರಡು ಕೊಡ ನೀರು, ಹುಲ್ಲಿಗೆ ಎರಡು ಹೊತ್ತು ಪೈಪು. ಹತ್ತಿರ ಹೋಗಿ ನೋಡಿದರೆ, ಹೊಸದುರ್ಗದ ಹೊಲದಲ್ಲಿ ನಾವು ಕಿತ್ತು ಬಿಸಾಡುವ ಗರಿಕೆ.

ನಿನ್ನೆ ಹಬ್ಬಕ್ಕೆ ಸಗಣಿ ಬೆನಕನ ತಲೆಗೆ ಎರಡು ಹಿಡಿ ಬೇರು ಸಮೇತ ಕಿತ್ತು ತಂದು ಏರಿಸಿದೆ. ಅಳಿಯ ಓಡಿ ಬಂದ.

"ಏನ್ ಮಾಡಿದ್ರಿ ಅತ್ತೆ! ನಾಡಿದ್ದು ದೊಡ್ಡ ಸಾಹೇಬ್ರು ನೋಡಾಕೆ ಬರ್ತಾರೆ. ಬೋಳು ಕಂಡ್ರೆ ನನ್ನ ಕೆಲ್ಸ ಕಾಯಂ ಆಗಲ್ಲ."

"ಕಳೆ ಕಿತ್ತ ಕೈ, ಎಲ್ಲಿ ಸುಮ್ಕಿರ್ತೈತೆ?" ಎಂದು ಮಗಳು ನಕ್ಕಳು. ಅವನು ನಗಲಿಲ್ಲ.

ದೇವರಿಗೆ ಏರಿಸಿದ್ದನ್ನು ಇಳಿಸಬಾರದು. ಆದರೂ ಕೈಮುಗಿದು ತೆಗೆದು, ಅದೇ ಜಾಗದಲ್ಲಿ ಊರಿ, ನನ್ನ ಪಾಲಿನ ಕುಡಿಯುವ ನೀರು ಹಾಕಿದೆ. ಬೆನಕ ಒಂದು ಹಬ್ಬ ಬರಿತಲೆಯಲ್ಲಿ ಇದ್ದಾನು, ಮಗಳ ಸಂಸಾರ ಕೆಲಸವಿಲ್ಲದೆ ಇರಲಾರದು. ಬೆಳಿಗ್ಗೆ ನೋಡಿದೆ, ಇನ್ನೂ ಬಾಡಿಲ್ಲ.

ಮೈ ಚೆನ್ನಾಗಿದೆ, ಹಿಮ್ಮಡಿ ಮಾತ್ರ ಒಡೆದಿದೆ. ಈ ಕಾರ್ಡು ಮುಟ್ಟುವಷ್ಟರಲ್ಲಿ ಸಾಹೇಬರು ನೋಡಿ ಹೋಗಿರುತ್ತಾರೆ. ಕೆಲಸ ಉಳಿಯಲಿ, ಹೋಗಲಿ, ನೀನು ಅಲ್ಲಿ ಬೆನಕನಿಗೆ ಎರಡು ಹಿಡಿ ಗರಿಕೆ ಏರಿಸು. ಅವನದನ್ನು ಅವನಿಗೆ ಕೊಡಬೇಕಲ್ಲ.