ಅಬ್ಬಾ, ನಿಮ್ಮ ರಷ್ಯನ್ ನಾಟಕ ನೋಡಿ ಬಂದೆ

ಪ್ರೀತಿಯ ಅಬ್ಬಾ,

ಊಟದ ತಟ್ಟೆಯ ಮುಂದೆ ಕೂತು ನೀವು ಹೇಳುತ್ತಿದ್ದ ರಷ್ಯನ್ ನಾಟಕ ನೆನಪಿದೆಯಾ? ಬಳ್ಳಾರಿಯ ಕಾರ್ಖಾನೆಯವರು ತರಬೇತಿಗೆಂದು ಸೋವಿಯತ್ ದೇಶಕ್ಕೆ ಕಳಿಸಿದಾಗ ನೋಡಿದ್ದು. ಸೈನ್ಯಕ್ಕೆ ಹೋದ ಮಗನಿಗಾಗಿ ಕಾಯುವ ಮುದುಕಿಯ ಮಾತನ್ನು ಮೊದಲು ರಷ್ಯನ್ನಿನಲ್ಲಿ, ಆಮೇಲೆ ನಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದಿರಿ. ಸಾರು ಆರಿಹೋಯಿತೆಂದು ಅಮ್ಮಿ ಗೊಣಗಿದರೂ ನಿಲ್ಲಿಸುತ್ತಿರಲಿಲ್ಲ. ಅದೇ ನಾಟಕ ಕಳೆದ ತಿಂಗಳು ಇಲ್ಲಿ ಸ್ವೀಡನ್ನಿನಲ್ಲಿ ನಾವಿರುವ ಗೋಥೆನ್‌ಬರ್ಗ್‌ಗೆ ಬಂದಿತ್ತು. ಅಂದಿನಿಂದ ನನಗೆ ಸಮಾಧಾನವಿಲ್ಲ.

ಟ್ರಾಮ್ ನಿಲ್ದಾಣದಲ್ಲಿ ಪೋಸ್ಟರ್ ಕಂಡಾಗ ಅಲ್ಲೇ ನಿಂತು ಟಿಕೆಟ್ ತೆಗೆದುಕೊಂಡೆ. ಒಕ್ಸಾನಾ ನೆನಪಾದದ್ದು ಆಮೇಲೆ. ನಿಮಗೆ ಇದು ಗೊತ್ತಿಲ್ಲ, ಅಬ್ಬಾ, ನೀವು ತೀರಿಕೊಂಡ ಮೇಲೆ ಆದದ್ದು. ನೀವು ಒಂದೇ ದೇಶವೆಂದು ಸುತ್ತಿಬಂದ ನೆಲದಲ್ಲಿ ಈಗ ರಷ್ಯಾದ ಸೈನ್ಯ ಉಕ್ರೇನಿಗೆ ನುಗ್ಗಿದೆ. ಒಕ್ಸಾನಾ ಉಕ್ರೇನಿನವಳು, ಟೋರ್ಸ್‌ಲಾಂಡದ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು. ಅವಳ ತಮ್ಮ ಯುದ್ಧದಲ್ಲಿದ್ದಾನೆ.

ಇಲ್ಲಿಯವರು ಫಿಕಾ ಎನ್ನುವ ಬಿಡುವಿನ ಹೊತ್ತಿನಲ್ಲಿ ಕಾಫಿ ಕುಡಿಯುತ್ತಾ ನಾಟಕದ ವಿಷಯ, ನಿಮ್ಮ ವಿಷಯ ನಾನೇ ಅವಳಿಗೆ ಹೇಳಿದೆ. ಈ ನಟರು ಯುದ್ಧ ಬೇಡವೆಂದು ದೇಶ ಬಿಟ್ಟವರು, ಊರೂರು ಅಲೆಯುತ್ತಾ ಆಡುವವರು ಎಂದೂ ಸೇರಿಸಿದೆ. ಅವಳು ಕಪ್ಪು ಕೆಳಗಿಟ್ಟಳು.

"ಹೋಗಬೇಡ ಅನ್ನಲ್ಲ. ಆದ್ರೆ ಬಂದು, ಚೆನ್ನಾಗಿತ್ತು ಅಂತ ಮಾತ್ರ ನನಗೆ ಹೇಳಬೇಡ."

ಮನೆಯಲ್ಲಿ ನಿಮ್ಮ ಅಳಿಯ ರಫೀಕ್ ನನ್ನ ಚಡಪಡಿಕೆ ನೋಡಿ ಬೇಸತ್ತರು. "ಟಿಕೆಟ್ ತಗೊಂಡಾಗಿದೆ, ಸುಮ್ನೆ ಹೋಗಿ ಬಾ. ನಾಟಕ ಏನು ಮಾಡಿದೆ, ಪಾಪ?" ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನಾನು ಹೋದೆ. ರಂಗಮಂದಿರದ ಎದುರು ನಾಲ್ಕಾರು ಜನ ಉಕ್ರೇನಿನ ನೀಲಿ ಹಳದಿ ಬಾವುಟ ಹಿಡಿದು ಮೌನವಾಗಿ ನಿಂತಿದ್ದರು. ಅವರಲ್ಲಿ ಒಕ್ಸಾನಾ ಇದ್ದಾಳೋ ಎಂದು ನೋಡುವ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿ ಒಳಗೆ ಹೋದೆ.

ಮುದುಕಿ ಬಾಗಿಲಿಗೆ ಬಂದು ಮಾತು ಶುರುಮಾಡಿದಾಗ ನನಗೆ ಸ್ವೀಡಿಷ್ ಅನುವಾದದ ಪರದೆ ಬೇಕಾಗಲಿಲ್ಲ. ನಿಮ್ಮ ದನಿಯೇ ಕೇಳಿಸಿತು. ಅಳು ಬಂತು. ಆದರೆ ಆ ಮಗ ಯಾವ ಸೈನ್ಯದವನು, ಯಾರ ಮನೆಗೆ ನುಗ್ಗಿದವನು ಎಂದು ನೀವು ಯಾವತ್ತೂ ಹೇಳಲಿಲ್ಲವಲ್ಲ? ನಾನೂ ಕೇಳಲಿಲ್ಲ. ಈಗ ಕೇಳೋಣವೆಂದರೆ...

ಪರದೆ ಬಿದ್ದ ಮೇಲೆ ಮುದುಕಿಯ ಪಾತ್ರ ಮಾಡಿದಾಕೆ ಮುಂದೆ ಬಂದರು. ಚಪ್ಪಾಳೆ ನಿಲ್ಲಿಸಲು ಕೈಯೆತ್ತಿ, ಇಂದು ಬಾರದವರ ಸಿಟ್ಟು ನ್ಯಾಯವಾದದ್ದು ಎಂದಷ್ಟೇ ಹೇಳಿ ಒಳಗೆ ಹೋದರು.

ಸೋಮವಾರ ಆಫೀಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಒಕ್ಸಾನಾಳೇ ಕೇಳಿದಳು.

"ನಾಟಕ ನೋಡಿ ಅತ್ತೆಯಾ?"

"ಹೂಂ, ಅತ್ತೆ."

"ನಾಟಕಕ್ಕಾ, ಅಪ್ಪನಿಗಾ?"

ಗೊತ್ತಿಲ್ಲ ಎಂದೆ. ತಮ್ಮನಿಂದ ಫೋನ್ ಬಂದು ವಾರವಾಯಿತು ಎಂದಳು. ಆ ನಟಿ ಹೇಳಿದ್ದನ್ನು ತಿಳಿಸಲು ಹೊರಟವಳು ಅದನ್ನು ಬಿಟ್ಟು ಕುರ್ಚಿ ಎಳೆದುಕೊಂಡೆ. ಅವಳ ಪಕ್ಕದಲ್ಲಿ ಕೂತೆ, ಅಷ್ಟೇ.

ಮೊನ್ನೆ ಅವಳ ತಮ್ಮನ ಫೋನ್ ಬಂತು, ಅಬ್ಬಾ. ಇನ್ನೊಂದು ಸುದ್ದಿ: ನಾನು ಉಕ್ರೇನಿನ ಭಾಷೆ ಕಲಿಯುತ್ತಿದ್ದೇನೆ, ಒಕ್ಸಾನಾಳೇ ಗುರು. ರೊಟ್ಟಿಗೆ ನೀವು ಕಲಿಸಿದ್ದು 'ಖ್ಲೇಬ್', ಅವಳದು 'ಖ್ಲಿಬ್'. ನನಗೆ ಪ್ರತಿಸಲವೂ ನಿಮ್ಮದೇ ಬಾಯಿಗೆ ಬರುತ್ತದೆ. ಅವಳು ನಗುವುದಿಲ್ಲ, ಬಯ್ಯುವುದೂ ಇಲ್ಲ. ಮತ್ತೊಮ್ಮೆ ಹೇಳು ಎನ್ನುತ್ತಾಳೆ.

ನಿಮ್ಮ ಮಗಳು,
ನಸೀಮಾ